ಶನಿವಾರದ ಹಾರ್ನು

"ಬಿಡ್ರೀ. ಮೊದಲು ಕೈ ಹಾಕಿದ್ದು ನಾನು."

"ಹಾಕಿದ್ದು ನೀವೇ, ಇಲ್ಲ ಅಂದೋರ್ಯಾರು? ಆದ್ರೆ ಇದು ಫಿಯಟ್ ಹ್ಯಾಂಡಲ್ಲು, ನಿಮ್ಮದು ಮಾರಿಸ್ ಗಾಡಿ. ತಗೊಂಡು ಹೋಗಿ ಏನ್ ಮಾಡ್ತೀರ, ಚಪಾತಿ ಲಟ್ಟಿಸ್ತೀರಾ?"

ಮುಳಬಾಗಿಲಿನ ರಹಮತ್ತುಲ್ಲಾ ಸಾಬರ ಗುಜರಿ ಅಂಗಡಿ. ಕಾರಿನ ಕಿಟಕಿ ಗಾಜು ಇಳಿಸುವ ಆ ಹ್ಯಾಂಡಲ್ಲಿನ ಒಂದು ತುದಿ ಗಂಗಾಲಕ್ಷ್ಮಿಯ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ಇಬ್ಬರ ಬೆರಳಿಗೂ ಗ್ರೀಸು ಮೆತ್ತಿತ್ತು.

ಅವಳು ತಲೆಯೆತ್ತಿ ನೋಡಿದಳು. ಮೂವತ್ತರ ಆಸುಪಾಸು, ಖಾಕಿ ಅಂಗಿ, ಕಿವಿಯ ಹಿಂದೊಂದು ಪೆನ್ಸಿಲ್ಲು. ನಗುತ್ತಿದ್ದ. ಅವಳು ನಕ್ಕು ಒಂದು ವರ್ಷವಾಗಿತ್ತು ನೋಡಿ, ನಗುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ನನ್ನ ಗಾಡಿ ಯಾವುದು ಅಂತ ನಿಮಗೆ ಹೇಗೆ ಗೊತ್ತು?"

"ಬೈರಕೂರು ಶ್ರೀನಿವಾಸಪ್ಪನೋರ ಮಗಳಲ್ವಾ ನೀವು? ಆ ಗಾಡಿ ಗೊತ್ತಿಲ್ದಿರೋ ಮೆಕ್ಯಾನಿಕ್ಕು ಈ ತಾಲ್ಲೂಕಲ್ಲಿ ಇದಾನಾ?" ಅವನ ದನಿ ತಗ್ಗಿತು. "ನಿಮ್ಮ ತಂದೆಯವರ ವಿಷಯ ಕೇಳ್ದೆ. ತುಂಬಾ ಬೇಜಾರಾಯ್ತು."

ಅಷ್ಟು ಸಾಕಾಯಿತು. ಗಂಗಾಲಕ್ಷ್ಮಿ ಹ್ಯಾಂಡಲ್ಲು ಬಿಟ್ಟುಬಿಟ್ಟಳು. ಕಣ್ಣು ತುಂಬಿದ್ದು ಕಾಣಬಾರದೆಂದು ಪಕ್ಕಕ್ಕೆ ತಿರುಗಿದಳು.

ಶ್ರೀನಿವಾಸಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದವರು. ಕೆಜಿಎಫ್‌ನಲ್ಲಿ ಯಾವುದೋ ಬಂಗಲೆಯ ಹಿಂದೆ ಬಿದ್ದಿದ್ದ ಹಳೇ ಮಾರಿಸ್ ಕಾರನ್ನು ಕೊಂಡು ತಂದು ಮಗುವಿನ ಹಾಗೆ ಸಾಕಿದರು. ದಿನಾ ಸಂಜೆ ಷೆಡ್ಡಿನಲ್ಲಿ ಕೂತು ಹಾರ್ನು ಹೊಡೆದರೆ ಮಗಳು ಓಡಿ ಬರಬೇಕು, ಕೆರೆ ಕಟ್ಟೆಯ ಮೇಲೆ ಒಂದು ಸುತ್ತು ಹೋಗಿಬರಬೇಕು. ಚಿಕ್ಕವಳಿದ್ದಾಗ ಓಡುತ್ತಿದ್ದಳು, ಗಾಡಿ ಓಡಿಸೋದನ್ನೂ ಅಪ್ಪನಿಂದಲೇ ಕಲಿತಳು. ದೊಡ್ಡವಳಾದ ಮೇಲೆ ಆ ಡಬ್ಬಾ ಗಾಡಿಯಲ್ಲಿ ಕೂರೋದಕ್ಕೆ ನಾಚಿಕೆ.

ಅವತ್ತೂ ಹಾರ್ನು ಕೂಗಿತು. "ಬಂದೆ ಬಂದೆ" ಅಂದಳು, ಏಳಲಿಲ್ಲ. ಹಾರ್ನು ಕೂಗುತ್ತಲೇ ಇತ್ತು. ಅಪ್ಪನಿಗೆ ಹಟ ಜಾಸ್ತಿಯಾಯ್ತು ಅಂದುಕೊಂಡು ಮೊಬೈಲು ನೋಡುತ್ತಾ ಕೂತಳು. ಅಕ್ಕಪಕ್ಕದವರು ಓಡಿ ಬಂದು ನೋಡಿದಾಗ ಶ್ರೀನಿವಾಸಪ್ಪ ಸ್ಟೇರಿಂಗಿನ ಮೇಲೆ ಕವುಚಿದ್ದರು. ಎದೆ ಹಾರ್ನಿನ ಗುಂಡಿಯ ಮೇಲಿತ್ತು.

ಅಂದಿನಿಂದ ಆ ಹಾರ್ನು ಅವಳ ಕಿವಿಯೊಳಗೆ ನಿಂತಿರಲೇ ಇಲ್ಲ. ಮುಳಬಾಗಿಲಿನ ಲ್ಯಾಬಿನಲ್ಲಿ ಯಾರದೋ ರಕ್ತ ತೆಗೆಯುವಾಗಲೂ ಅದೇ, ಬಸ್ಸಿನಲ್ಲಿ ಕೂತಾಗಲೂ ಅದೇ.

'ಅಪ್ಪ ನನ್ನನ್ನೇ ಕೂಗಿದ್ರು. ಎದ್ದು ಹೋಗಿದ್ರೆ ಬದುಕ್ತಿದ್ರೇನೋ...'

ವರ್ಷದ ತಿಥಿ ಮುಗಿದ ಮೇಲೆ ಒಂದು ತೀರ್ಮಾನ ಮಾಡಿದಳು. ವರ್ಷದಿಂದ ನಿಂತೇ ಇದ್ದ ಗಾಡಿಯನ್ನು ಸರಿ ಮಾಡಿಸಬೇಕು. ಅಪ್ಪ ಕರೆದಿದ್ದ ಆ ಒಂದು ಸುತ್ತು ಹೋಗಿಬರಬೇಕು. ಅದಕ್ಕೇ ಈ ಗುಜರಿ ಅಂಗಡಿಯ ಹುಡುಕಾಟ.

ಅವನ ಹೆಸರು ಕದಿರೇಶ. "ಶನಿವಾರ ನಮ್ಮ ಗ್ಯಾರೇಜಿಗೆ ರಜ. ಶನಿವಾರ ಕಬ್ಬಿಣ ಕೊಳ್ಳಬಾರದು ಅಂತ ಜನ ಒಂದು ನಟ್ಟೂ ತಗೊಳ್ಳಲ್ವಲ್ಲ. ಅವತ್ತು ಬಂದು ನೋಡ್ಲಾ?" ಅಂದ.

ಬಂದ. ಬಾನೆಟ್ ಎತ್ತಿ, ಇಂಜಿನ್ನಿಗೆ ಕೈ ಮುಗಿದು ಕೆಲಸಕ್ಕೆ ಕೂತ. ಕಿಟಕಿ ಹ್ಯಾಂಡಲ್ಲನ್ನು ಎಲ್ಲಿಂದಲೋ ಹುಡುಕಿ ತಂದ. ತಿರುಗುವಾಗ ಬಾಗಿಲ ಪಕ್ಕದಿಂದ ಹೊರಗೆ ಚಾಚುವ ಸಿಗ್ನಲ್ ಕಡ್ಡಿ ಇರುತ್ತದಲ್ಲ, ಅದು ಟಕ್ಕಂತ ಎದ್ದು ನಿಂತಾಗ ಗಂಗಾಲಕ್ಷ್ಮಿ ಚಪ್ಪಾಳೆ ತಟ್ಟಿಬಿಟ್ಟಳು. ಆಮೇಲೆ ನಾಚಿ ಒಳಗೆ ಓಡಿದಳು.

'ಇವನ ಮುಂದೆ ನಾನ್ಯಾಕೆ ಹೀಗಾಡ್ತೀನಿ?'

ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವಳಿಗೊಬ್ಬಳಿಗೆ ಗೊತ್ತಿರಲಿಲ್ಲ.

ಒಂದು ದಿನ ಟೀ ಕುಡಿಯುತ್ತಾ ಕದಿರೇಶ ಹೇಳಿದ, "ಜೋಪಾನ ಮೇಡಂ. ಇದರಲ್ಲಿರೋ ಒಂದೊಂದು ಸಣ್ಣ ಸಾಮಾನಿಗೂ ಬೆಂಗಳೂರಲ್ಲಿ ಶೋಕಿ ಇರೋರು ಸಾವಿರಾರು ರೂಪಾಯಿ ಕೊಡ್ತಾರೆ."

ಬಾಯಿಗೆ ಬೀಗ ಹಾಕಿಕೊಳ್ಳಬಾರದಿತ್ತಾ ಇವನು? ಆ ಮಾತೇ ಅವನ ಕುತ್ತಿಗೆಗೆ ಬಂತು.

ಮುಂದಿನ ಶನಿವಾರ ಅವನು ಹೋದ ಮೇಲೆ ನೋಡಿದರೆ ಹಾರ್ನಿನ ಗುಂಡಿ ಇಲ್ಲ. ಗಂಗಾಲಕ್ಷ್ಮಿ ಯಾರಿಗೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಒಂದಿಷ್ಟು ಹಗುರಾಯಿತು, ಇನ್ನು ಅದು ಕೂಗೋದಿಲ್ಲವಲ್ಲ ಅಂತ. ಅದರ ಮುಂದಿನ ಶನಿವಾರ ಸಿಗ್ನಲ್ ಕಡ್ಡಿ ಹೋಯಿತು. ಆಮೇಲೆ ಡ್ಯಾಶ್‌ಬೋರ್ಡಿನ ಗೂಡಿನ ಹಿಡಿ. ಮೂರು ವರ್ಷದವಳಿದ್ದಾಗ ಅವಳು ಕಚ್ಚಿ ಬಣ್ಣದ ಮೇಲೆ ಹಲ್ಲಿನ ಗುರುತು ಮೂಡಿಸಿದ್ದ ಹಿಡಿ ಅದು. ಅಪ್ಪ ಆ ಗುರುತನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಷೆಡ್ಡಿನೊಳಗೆ ಹೋಗುವ ಹೊರಗಿನವನು ಒಬ್ಬನೇ. ಹೋಗುವ ದಿನವೂ ಶನಿವಾರವೇ.

ನಾಲ್ಕನೇ ಶನಿವಾರ ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದು ಇಲ್ಲದ್ದು ಕಂಡಿದ್ದು ವಾರದ ಮಧ್ಯೆ. ಐದನೆಯ ಶನಿವಾರ ಅವಳು ಕಾದು ಕೂತಳು. ಕದಿರೇಶ ಬಂದು ಚೀಲ ಇಟ್ಟು ಕೈ ತೊಳೆಯಲು ಹೋದ. ಬೀದಿಯಲ್ಲಿ ಶನಿದೇವರ ತಟ್ಟೆ ಹೊತ್ತವನು "ದಾನ ಮಾಡಿ ತಾಯೀ" ಅಂತ ಕೂಗಿಕೊಂಡು ಬರುತ್ತಿದ್ದ. ಗಂಗಾಲಕ್ಷ್ಮಿ ಚೀಲ ಬಿಚ್ಚಿದಳು. ಮೇಲೇ ಇತ್ತು, ಬಟ್ಟೆಯಲ್ಲಿ ಸುತ್ತಿದ ಪೆಟ್ರೋಲ್ ಮುಚ್ಚಳ.

"ಏನಿದು?"

"ಅದನ್ನ ಕೇಳೋಣ ಅಂತಾನೇ ತಂದೆ..." ಅಂದವನು ಮಾತು ನಿಲ್ಲಿಸಿದ. ಅವನ ಕಣ್ಣು ಅವಳನ್ನು ದಾಟಿ ಹಿಂದೆ ಹೋಗಿತ್ತು. ಅಡಿಗೆಮನೆ ಬಾಗಿಲಲ್ಲಿ ಅವಳ ಅಮ್ಮ ಶ್ಯಾಮಲಮ್ಮ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದರು. ಬಟ್ಟಲು ಓರೆಯಾಗಿ ಎಣ್ಣೆ ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಮಾತಾಡು. ಕದ್ದಿದ್ದು ನೀನೇ ತಾನೆ?"

ಗಂಗಾಲಕ್ಷ್ಮಿಯ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಕದಿರೇಶ ಶ್ಯಾಮಲಮ್ಮನ ಮುಖವನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಹಾಗೇ ಅಂದ್ಕೊಳ್ಳಿ."

"ಹೆಣದ ಮೈಮೇಲಿನ ಒಡವೆ ಬಿಚ್ಚೋರಿಗೂ ನಿನಗೂ ಏನ್ ವ್ಯತ್ಯಾಸ? ನಿನ್ನನ್ನ ನಂಬಿದ್ನಲ್ಲ... ನಿನ್ನನ್ನ!"

ಬೀದಿಯವರೆಲ್ಲ ಇಣುಕಿದರು. ಶ್ಯಾಮಲಮ್ಮ ಕಿರುಚಿದ ಹಾಗೆ ಅಂದರು, "ಆ ಮುಚ್ಚಳ ಅವನಿಗೇ ಕೊಟ್ಟು ಕಳ್ಸು. ಹೊಸ್ತಿಲು ದಾಟಿಸಿ ಒಳಗೆ ತರಬೇಡ ಕಣೇ."

ಕಳ್ಳನ ಕೈ ಸೋಕಿದ್ದು ಅಂತ ಅಮ್ಮನಿಗೆ ಅಸಹ್ಯ ಅಂದುಕೊಂಡು ಗಂಗಾಲಕ್ಷ್ಮಿ ಮುಚ್ಚಳವನ್ನು ಅವನ ಕಾಲ ಬಳಿ ಎಸೆದಳು. ಅವನು ಬಗ್ಗಿ ಎತ್ತಿಕೊಂಡು, ಒರೆಸಿ, ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ತಿರುಗಿ ನೋಡಲಿಲ್ಲ.

ಆ ರಾತ್ರಿ ಅತ್ತಿದ್ದು ಸಾಮಾನಿಗಲ್ಲ. ಅದು ಅವಳಿಗೂ ಗೊತ್ತಿತ್ತು.

ಮೂರು ತಿಂಗಳು ಕಳೆದವು. ಒಂದು ಶನಿವಾರ ಮೂರು ಗಂಟೆಗೆ ಲ್ಯಾಬಿನಿಂದ ಬಂದು ಷೆಡ್ಡಿನ ಬೀಗ ತೆಗೆದಳು. ದಿನಾ ಗಾಡಿ ಒರೆಸುವುದು ಅವಳ ವ್ರತವಾಗಿತ್ತು. ಬಟ್ಟೆ ಹಿಡಿದವಳ ಕೈ ನಿಂತಿತು.

ಟ್ಯಾಂಕಿಗೆ ಮುಚ್ಚಳವಿತ್ತು.

ಬೀಗ ಒಡೆದ ಗುರುತಿರಲಿಲ್ಲ. ಬೀಗದ ಕೈ ಬೆಳಗ್ಗೆ ಇದ್ದ ಹಾಗೇ ಅಡಿಗೆಮನೆಯ ಮೊಳೆಯ ಮೇಲಿದ್ದದ್ದನ್ನು ಈಗಷ್ಟೇ ಅವಳೇ ತೆಗೆದುಕೊಂಡು ಬಂದಿದ್ದಳು. ಒಳಗೆ ಓಡಿದಳು.

"ಅಮ್ಮಾ, ಷೆಡ್ಡಿಗೆ ಯಾರು ಬಂದಿದ್ರು?"

"ಯಾರೂ ಇಲ್ವಲ್ಲ," ಅಂದ ಶ್ಯಾಮಲಮ್ಮ ಮುಖ ಆಚೆ ತಿರುಗಿಸಿಕೊಂಡರು.

ಇನ್ನೆರಡು ವಾರಕ್ಕೆ ಸಿಗ್ನಲ್ ಕಡ್ಡಿ ಬಂತು. ತಿಂಗಳಾದ ಮೇಲೆ ಗೂಡಿನ ಹಿಡಿ. ಎಲ್ಲವೂ ಶನಿವಾರವೇ. ಎಲ್ಲವೂ ಹೊಳೆಯುತ್ತಿದ್ದವು, ಒಂಥರಾ ಹಳದಿ ಹೊಳಪು. ಹಿಡಿಯ ಮೇಲೆ ಹಲ್ಲಿನ ಗುರುತು ಇರಲಿಲ್ಲ. ಸತ್ತವರು ತಂದುಕೊಟ್ಟಿದ್ದರಲ್ಲಿ ಹಳೇ ಕಲೆ ಇರೋದಿಲ್ಲವೇನೋ ಅಂದುಕೊಂಡಳು. ನೊಂದ ಮನಸ್ಸು ನಂಬೋದಕ್ಕೆ ಕಾರಣ ಕೇಳುತ್ತದೆಯೇ?

ಹೌದು, ಅಪ್ಪನೇ. ಸೀಟಿನಲ್ಲಿ ಕೂತರೆ ಅವರ ನಶ್ಯದ ವಾಸನೆ ಬರುತ್ತಿತ್ತು. ಅವರು ಕೂರುತ್ತಿದ್ದ ಕಡೆ ಸೀಟು ಬೆಚ್ಚಗಿರುತ್ತಿತ್ತು.

ಸಂಜೆಯೆಲ್ಲ ಅವಳು ಗಾಡಿಯೊಳಗೇ ಕೂತು ಮಾತಾಡತೊಡಗಿದಳು. "ಅಪ್ಪಾ, ಇವತ್ತು ಲ್ಯಾಬಿಗೆ ಒಬ್ಬ ಬಂದಿದ್ದ, ಸೂಜಿ ನೋಡಿ ಮೂರ್ಛೆ ಹೋದ..." ಊಟ ಕಡಿಮೆಯಾಯಿತು. ಕಣ್ಣಿನ ಕೆಳಗೆ ಕಪ್ಪಾಯಿತು. ಮಾಲೂರಿನಿಂದ ಬಂದ ಒಳ್ಳೇ ಸಂಬಂಧಕ್ಕೆ "ಈಗ ಬೇಡ" ಅಂದಳು. ಒಂದೇ ಒಂದು ಸಾಮಾನು ಬಾಕಿ ಇತ್ತು, ಹಾರ್ನಿನ ಗುಂಡಿ. ಅದೂ ಬಂದರೆ ಅಪ್ಪ ಕ್ಷಮಿಸಿದ ಹಾಗೆ.

ಬರಲಿಲ್ಲ. ಎಂಟು ಶನಿವಾರ ಹೋದವು.

'ಅದೊಂದನ್ನ ಯಾಕಪ್ಪಾ ತರ್ತಿಲ್ಲ? ಕೂಗಿದ್ರೂ ಬರಲಿಲ್ಲ ಅಂತ ಇನ್ನೂ ಕೋಪಾನಾ? ನಾನೇ ಬಂದ್ಬಿಡ್ಲಾ ನಿನ್ನ ಹತ್ರ?'

ಆ ಕೊನೇ ಮಾತು ಬಾಯಿಂದ ಜೋರಾಗಿಯೇ ಬಂದಿತ್ತು. ಷೆಡ್ಡಿನ ಹೊರಗೆ ಯಾರೋ ಬಿಕ್ಕಿದ ಹಾಗಾಯಿತು. ಬಾಗಿಲು ತೆಗೆದು ನೋಡಿದರೆ ಅಮ್ಮ ಬೇಗಬೇಗ ಒಳಗೆ ಹೋಗುತ್ತಿದ್ದರು.

ಮಾರನೇ ದಿನ ಗಂಗಾಲಕ್ಷ್ಮಿ ಮತ್ತೆ ಗುಜರಿ ಅಂಗಡಿಗೆ ಹೋದಳು. ತಾನೇ ಒಂದು ಹಾರ್ನಿನ ಗುಂಡಿ ಹುಡುಕಿ ಹಾಕಿಬಿಡೋಣ ಅಂತ. ರಹಮತ್ತುಲ್ಲಾ ಸಾಬರು ಒಂದು ಎಣ್ಣೆ ಡಬ್ಬವನ್ನು ಅವಳ ಮುಂದೆ ಬೋರಲು ಹಾಕಿದರು.

"ಮಾರಿಸ್ ಸಾಮಾನು ಅಂದ್ರೆ ಇಷ್ಟೇ ಬೇಟಿ. ನೋಡ್ಕೊ."

ಕಪ್ಪು ಎಣ್ಣೆಯಲ್ಲಿ ನೆಂದ ಮುಚ್ಚಳ. ಸಿಗ್ನಲ್ ಕಡ್ಡಿ. ಹಾರ್ನಿನ ಗುಂಡಿ. ಒಂದು ಗೂಡಿನ ಹಿಡಿ. ಎತ್ತಿ ಸೆರಗಿನಿಂದ ಒರೆಸಿದಳು. ಎರಡು ಪುಟ್ಟ ಹಲ್ಲಿನ ಗುರುತು.

ಹಿಡಿಯನ್ನು ತಿರುಗಿಸಿ ಮತ್ತೆ ನೋಡಿದಳು. ಟೈರಿನ ರಾಶಿಯ ಮೇಲೆ ಕೂತಳು. ಇದು ಇಲ್ಲಿದ್ದರೆ ಮನೆಯಲ್ಲಿರೋದು ಯಾವುದು?

"ಇದನ್ನ... ಇದನ್ನ ಕದಿರೇಶ ತಂದು ಮಾರಿದ್ರಾ?"

"ತೋಬಾ ತೋಬಾ. ಅವನ್ಯಾಕೆ ಮಾರ್ತಾನಮ್ಮ? ಶನಿದೇವರ ಎಣ್ಣೆ ತಗೊಂಡು ಊರೂರು ತಿರುಗ್ತಾನಲ್ಲ, ಅವನು ಮಾರಿದ್ದು. ಬೈರಕೂರಲ್ಲಿ ಒಬ್ಬ ತಾಯಿ ವಾರವಾರ ಕಬ್ಬಿಣ ದಾನ ಕೊಡ್ತಾರೆ ಅಂದ." ಸಾಬರು ಗಡ್ಡ ಕೆರೆದುಕೊಂಡರು. "ಕದಿರೇಶನಿಗೆ ಒಂದು ಮುಚ್ಚಳ ಕೊಟ್ಟಿದ್ದೆ, ಅದನ್ನೂ ವಾಪಸ್ ತಂದಿಟ್ಟ. ದಾನ ಕೊಟ್ಟಿದ್ದು ಮನೆಗೆ ಹೋಗಬಾರದು ಸಾಬ್, ಆ ತಾಯಿ ಹೆದರ್ಕೋತಾರೆ ಅಂದ. ಇಲ್ಲೇ ಕೂತು ಅಳತೆ ತಗೊಂಡು, ಒಂದೊಂದನ್ನೂ ಹಿತ್ತಾಳೇಲಿ ಲೇತ್ ಮೆಷಿನ್ನಿಗೆ ಕೊಟ್ಟು ಮಾಡಿದ. ಒಂದೊಂದಕ್ಕೆ ವಾರಗಟ್ಟಲೆ ಹಿಡೀತು. ಹಿತ್ತಾಳೆ ಯಾಕೋ ಅಂದೆ. ಶನಿಗೆ ಬೇಕಾಗಿರೋದು ಕಬ್ಬಿಣ, ಹಿತ್ತಾಳೆ ಅವನು ಕೇಳಲ್ಲ, ಅಂತ ನಕ್ಕ."

ಬೈರಕೂರಿನ ಬಸ್ಸು ಹತ್ತಿದ್ದು ಅವಳಿಗೆ ನೆನಪಿಲ್ಲ. ಎದೆಯೊಳಗೆ ಒಂದೇ ಸಂಕಟ. ಕಳ್ಳನಲ್ಲದವನನ್ನು ಕಳ್ಳ ಅಂದದ್ದು ಒಂದು ಕಡೆ. ಬಂದಿದ್ದು ಅಪ್ಪ ಅಲ್ಲ ಅನ್ನೋದು ಇನ್ನೊಂದು ಕಡೆ. ಅಪ್ಪ ಎರಡನೇ ಸಲ ಸತ್ತ ಹಾಗಾಗಿತ್ತು.

ಹಲ್ಲಿನ ಗುರುತಿನ ಹಿಡಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದಳು. ಬರಿಗೈಯಲ್ಲಿ ಅಮ್ಮನ ಮುಂದೆ ನಿಂತು ಕೇಳಿದಳು.

"ಯಾಕಮ್ಮಾ?"

ಶ್ಯಾಮಲಮ್ಮನಿಗೆ ಬೇರೆ ಏನೂ ಕೇಳಬೇಕಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟರು.

"ಶನಿವಾರಂ ಶವಂ ತೋಡು ಅಡುಗುತುಂದಿ ಅಂತಾರಲ್ಲೇ ನಮ್ಮ ಕಡೆ. ಶನಿವಾರದ ಹೆಣ ಜೊತೆ ಕೇಳುತ್ತೆ. ನಿಮ್ಮಪ್ಪ ಹೋಗಿದ್ದು ಶನಿವಾರ. ಹೋಗೋವಾಗ ಕೂಗಿದ್ದು ನಿನ್ನನ್ನ. ನಾನು ಹೇಗೆ ಸುಮ್ಮನಿರ್ಲಿ? ಆ ಗಾಡಿ ಮತ್ತೆ ಕೂಗಿದ್ರೆ ನೀನೂ ಹೋಗ್ಬಿಡ್ತೀಯ ಅಂತ ಒಂದೊಂದೇ ಬಿಚ್ಚಿ ಶನಿದೇವರಿಗೆ ಕೊಟ್ಟೆ. ತಗೊಳ್ಳಪ್ಪಾ, ಗಾಡಿ ತಗೋ, ನನ್ನ ಮಗಳನ್ನ ಬಿಡು ಅಂತ."

"ಅವರನ್ನ ಕಳ್ಳ ಅಂದಾಗಲೂ ಸುಮ್ಮನಿದ್ಯಲ್ಲಮ್ಮ."

"ನಿನ್ನ ಕಣ್ಣು ನೋಡಿ ಹೆದರಿದೆ ಕಣೇ. ವಾರ ಬಿಟ್ಟು ಅವನ ಗ್ಯಾರೇಜಿಗೆ ಹೋಗಿ ಕಾಲಿಗೆ ಬೀಳೋಕೆ ಹೋದೆ. ಬೇಡಮ್ಮ, ನೀವು ಹೇಳ್ಬೇಡಿ, ಅವರಿಗೆ ಇರೋದು ನೀವೊಬ್ಬರೇ ಅಂದ. ಆಮೇಲೆ ಹಿತ್ತಾಳೇದು ಮಾಡ್ಕೊಂಡು ಬಂದ. ನೀನು ಲ್ಯಾಬಿಗೆ ಹೋದಾಗ ನಾನೇ ಬೀಗ ತೆಗೆದು ಕೊಡ್ತಿದ್ದೆ. ನಿಮ್ಮಪ್ಪನ ಸೀಟಲ್ಲಿ ಕೂತು ಹಾಕಿ, ನೀನು ಬರೋ ಬಸ್ಸಿಗೆ ಮುಂಚೆ ಹೊರಟುಹೋಗ್ತಿದ್ದ. ಹಾರ್ನಿನ ಗುಂಡಿಯೂ ಮಾಡಿಟ್ಟಿದಾನೆ. ನಾನೇ ಬೇಡ ಅಂದೆ." ಶ್ಯಾಮಲಮ್ಮ ಮಗಳ ಕೈ ಹಿಡಿದುಕೊಂಡರು. "ನಿನ್ನೆ ನೀನು ಗಾಡೀಲಿ ಕೂತು ಅಂದಿದ್ದು ಕೇಳಿಸ್ಕೊಂಡೆ ಗಂಗಾ. ಹಾರ್ನು ಕಿತ್ತರೂ ನೀನು ಅಲ್ಲೇ ಹೋಗ್ತಿದೀಯ. ನಾನು ಕಿತ್ತಿದ್ದೇ ತಪ್ಪಾಯ್ತು."

ಬೈಯಬೇಕು ಅಂತ ಬಂದವಳು ಅಮ್ಮನ ಮಡಿಲಿಗೆ ತಲೆ ಇಟ್ಟಳು. ಇಬ್ಬರೂ ಹೊತ್ತು ಮುಳುಗುವವರೆಗೂ ಅತ್ತರು.

"ನಾನು ಯಾವ ಮುಖ ಇಟ್ಕೊಂಡು ಅವರ ಮುಂದೆ ನಿಲ್ಲಲಮ್ಮ?"

"ನೀನು ಹೋಗ್ಬೇಡ. ತಪ್ಪು ಮಾಡಿದ್ದು ನಾನು, ಕರೆಯೋಕೆ ನಾನೇ ಹೋಗ್ತೀನಿ," ಅಂದರು ಶ್ಯಾಮಲಮ್ಮ.

ಶನಿವಾರ ಬಂತು. ಲ್ಯಾಬಿಗೆ ರಜ ಹಾಕಿ ಗಂಗಾಲಕ್ಷ್ಮಿ ಅಡಿಗೆಮನೆಯಲ್ಲಿ ಅವರೆಕಾಳು ಹಿತಕುತ್ತಾ ಕೂತಿದ್ದಳು. ಅಮ್ಮ ಬೀಗದ ಕೈ ತೆಗೆದುಕೊಂಡು ಷೆಡ್ಡಿನ ಕಡೆ ಹೋಗಿ ಬಂದದ್ದು ಕಂಡಿತ್ತು. ಒಳಗೆ ಯಾರಿದ್ದಾರೆ ಅಂತಲೂ ಗೊತ್ತಿತ್ತು. ಏಳೋದಕ್ಕೆ ಧೈರ್ಯ ಮಾತ್ರ ಇರಲಿಲ್ಲ.

ಆಗ ಹಾರ್ನು ಕೂಗಿತು.

ಕೈಯಲ್ಲಿದ್ದ ಕಾಳು ನೆಲಕ್ಕೆ ಬಿತ್ತು. ಅದೇ ದನಿ. 'ಬಂದೆ ಬಂದೆ' ಅಂದು ಕೂತೇ ಇದ್ದ ಆ ಸಂಜೆ ಕಣ್ಣ ಮುಂದೆ ಬಂತು.

ಶ್ಯಾಮಲಮ್ಮ ಕಂಬ ಹಿಡಿದು ನಿಂತಿದ್ದರು. ಮುಖ ಬಿಳುಚಿತ್ತು. ಆದರೂ ಹೇಳಿದರು, "ಹೋಗೇ. ನಿನ್ನನ್ನೇ ಕೂಗ್ತಿರೋದು."

ಗಂಗಾಲಕ್ಷ್ಮಿ ಓಡಿದಳು. ಚಪ್ಪಲಿ ಹಾಕಲಿಲ್ಲ, ಕೈ ತೊಳೆಯಲಿಲ್ಲ. ಅಂಗಳ ದಾಟಿ ಷೆಡ್ಡಿನ ಬಾಗಿಲಲ್ಲಿ ನಿಂತಾಗ ಉಸಿರು ಸಿಗುತ್ತಿರಲಿಲ್ಲ.

ಕದಿರೇಶ ಎಡಗಡೆ ಸೀಟಿನಲ್ಲಿದ್ದ. ಡ್ರೈವರ್ ಸೀಟು ಖಾಲಿ ಬಿಟ್ಟು ಅತ್ತಲಿಂದ ಕೈ ಚಾಚಿ ಹಾರ್ನು ಒತ್ತಿದ್ದ. ಅವಳು ಮೊದಲು ನೋಡಿದ್ದು ಅವನ ಎದೆಯನ್ನು. ಏರುತ್ತಿತ್ತು, ಇಳಿಯುತ್ತಿತ್ತು. ಅದು ಕಂಡ ಮೇಲೆಯೇ ಅವಳಿಗೆ ಅಳು ಬಂದದ್ದು.

"ಒಂದೇ ಸಲ ಕೂಗಿದ್ದಕ್ಕೆ ಬಂದ್ಬಿಟ್ರಲ್ಲ," ಅಂದ.

"ಎರಡನೇ ಸಲಕ್ಕೆ ಕಾಯಬಾರದು ಅಂತ ಕಲ್ತಿದೀನಿ."

ಅವಳು ಡ್ರೈವರ್ ಸೀಟಿನಲ್ಲಿ ಕೂತಳು. ಸ್ಟೇರಿಂಗಿನ ನಡುವೆ ಹಿತ್ತಾಳೆಯ ಗುಂಡಿ ಹೊಳೆಯುತ್ತಿತ್ತು.

"ಒಂದು ಮಾತು ಹೇಳಬಾರದಿತ್ತಾ? ಊರ ಮುಂದೆ ಅಷ್ಟೆಲ್ಲ ಅಂದೆ..."

"ಹೇಳಿದ್ರೆ ಅವತ್ತೇ ಅಮ್ಮನೂ ನಿಮ್ಮ ಪಾಲಿಗೆ ಇಲ್ಲದ ಹಾಗಾಗೋರು. ಮೆಕ್ಯಾನಿಕ್ಕನ್ನ ಮರೀಬಹುದು. ಅಮ್ಮನ್ನ ಮರೆಯೋಕಾಗುತ್ತಾ?"

"ನನಗೆ ಮೆಕ್ಯಾನಿಕ್ಕನ್ನೂ ಮರೆಯೋಕಾಗಲಿಲ್ಲ."

ಅಂದ ಮೇಲೆ ಏನು ಅಂದೆ ಅಂತ ಅವಳಿಗೆ ಹೊಳೆಯಿತು. ಹಿಂತೆಗೆದುಕೊಳ್ಳಲಿಲ್ಲ. ಕದಿರೇಶ ತನ್ನ ಗ್ರೀಸು ಕೈಯನ್ನು ಅಂಗಿಗೆ ಒರೆಸಿಕೊಂಡ.

"ಅಮ್ಮ ಹೇಳಿದ್ರು, ಎಲ್ಲಾ ನಿಮ್ಮ ತಂದೆಯೇ ತಂದಿದ್ದು ಅಂತ ನೀವು ನಂಬಿದೀರ ಅಂತ. ಕೇಳಿ ನಿದ್ದೆ ಬರಲಿಲ್ಲ. ಬದುಕಿರೋರ ಜೊತೆ ಪೈಪೋಟಿ ಮಾಡಬಹುದು, ಹೋದವರ ಜೊತೆ ಹೇಗ್ರೀ ಮಾಡೋದು?"

"ಇನ್ನು ಮಾಡಬೇಕಾಗಿಲ್ಲ," ಅಂದಳು. ನಶ್ಯದ ವಾಸನೆ ಇವತ್ತು ಬರುತ್ತಿರಲಿಲ್ಲ. ಕಿವಿಯೊಳಗಿನ ಹಾರ್ನು ನಿಂತಿತ್ತು.

"ಇನ್ನೊಂದು ಮಾತು. ಅವತ್ತು ಕೋಪದಲ್ಲಿ ನನ್ನನ್ನ 'ನೀನು' ಅಂದ್ರಿ. ಬೈಗುಳೆಲ್ಲ ಮರೆತೋಯ್ತು, ಅದೊಂದು ಉಳಿದುಬಿಡ್ತು."

ಗಂಗಾಲಕ್ಷ್ಮಿ ಹಿತ್ತಾಳೆ ಗುಂಡಿಯ ಮೇಲೆ ಅಂಗೈ ಇಟ್ಟಳು. ಅವನ ಕೈಯ ಬಿಸಿ ಇನ್ನೂ ಇತ್ತು.

"ಬಾಗಿಲು ಸರಿಯಾಗಿ ಹಾಕ್ಕೊಳ್ಳೋ," ಅಂದಳು. "ಕೆರೆ ಕಟ್ಟೆ ಮೇಲೆ ಒಂದು ಸುತ್ತು ಬಾಕಿ ಇದೆ. ಅಮ್ಮ ಹಿತಕಿದ ಬೇಳೆ ಸಾರು ಮಾಡೋದ್ರೊಳಗೆ ಬರೋಣ."

ಗಾಡಿ ಒಮ್ಮೆ ಕೆಮ್ಮಿ ಶುರುವಾಯಿತು. ಷೆಡ್ಡಿನ ಬಾಗಿಲಲ್ಲಿ ಶ್ಯಾಮಲಮ್ಮ ಕೈ ಮುಗಿದು ನಿಂತಿದ್ದರು. ತಿರುವಿನಲ್ಲಿ ಹಿತ್ತಾಳೆಯ ಸಿಗ್ನಲ್ ಕಡ್ಡಿ ಟಕ್ಕಂತ ಹೊರಗೆ ಚಾಚಿತು.

"ಒಂದು ಕೇಳ್ಲಾ?" ಅವಳು ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಅಂದಳು. "ನಾನು ಕೂಗಿದ್ರೆ ಬರ್ತೀಯಾ?"

"ಕೂಗೋಷ್ಟು ದೂರ ನಾನು ಹೋಗೋದೇ ಇಲ್ಲ ಕಣೇ."